ಸೀರೆ ಗಾರ್ಡು ಬಿಚ್ಚಿದ ಮೇಲೆ

ನಮ್ಮ ಹಿತ್ತಿಲಿನ ಹೀರೆ ಬಳ್ಳಿ ಈ ವರ್ಷ ಹಬ್ಬಿರುವುದು ಚಪ್ಪರದ ಮೇಲಲ್ಲ, ಒಂದು ಸೀರೆ ಗಾರ್ಡಿನ ಮೇಲೆ. ಸೀರೆ ಗಾರ್ಡು ಗೊತ್ತಲ್ಲ? ಬೈಕಿನಲ್ಲಿ ಹಿಂದೆ ಕೂತ ಹೆಂಗಸಿನ ಸೆರಗು ಚಕ್ರಕ್ಕೆ ಸಿಕ್ಕದಿರಲಿ ಎಂದು ಎಡಗಡೆ ಹಾಕಿರುತ್ತಾರಲ್ಲ, ಆ ಕಬ್ಬಿಣದ ಜಾಲರಿ. ಅದಕ್ಕೇ ಒಂದು ಪುಟ್ಟ ಮೆಟ್ಟಿಲು, ಕಾಲಿಡಲು. ಪಂಚನಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ಪರಮೇಶಿ ಹೋದ ತಿಂಗಳು ಬಂದು, ಸೈಡ್ ಬ್ಯಾಗ್ ಕೂರಬೇಕಾದರೆ ಇದು ಇರಬಾರದು ಎಂದು ನಾಲ್ಕು ಬೋಲ್ಟು ತಿರುಗಿಸಿ ಬಿಚ್ಚಿ ಕಾಂಪೌಂಡಿನ ಪಕ್ಕಕ್ಕೆ ಎಸೆದ. ಗುಜರಿಯವನಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಎರಡು ಗೂಟದ ಮಧ್ಯೆ ಕಟ್ಟಿದೆ. ವಾರ ಕಳೆಯುವುದರೊಳಗೆ ಬಳ್ಳಿ ಬಂದು ಹಿಡಿದುಕೊಂಡಿತು. ನಾನೂ ಅದನ್ನೇ ಹಿಡಿದುಕೊಂಡು ಅರ್ಧ ಆಯುಸ್ಸು ಕಳೆದವಳು, ಬಳ್ಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ನೀವು ಗಂಡಸರಾದರೆ ಮುಂದೆ ಹೇಳುವುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿದೀತು. ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಉಟ್ಟು ಬೈಕಿನ ಹಿಂದೆ ಕೂರುವವಳು ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂರುತ್ತಾಳೆ. ಕಾಲು ಎಡಕ್ಕೆ ಅಂದ ಮೇಲೆ ಮುಖವೂ ಎಡಕ್ಕೆ. ಹಾಗಾಗಿ ಮದುವೆಯಾದ ಲಾಗಾಯ್ತು ನಾನು ನೋಡಿರುವುದು ಪ್ರಪಂಚದ ಎಡಭಾಗ ಮಾತ್ರ. ಕಡೂರಿನ ಪೇಟೆಬೀದಿಯಲ್ಲಿ ಎಡಗಡೆ ಯಾವ ಅಂಗಡಿ ಆದ ಮೇಲೆ ಯಾವ ಅಂಗಡಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಬಲಗಡೆ ಒಂದು ಒಳ್ಳೆಯ ಬಳೆ ಅಂಗಡಿ ಇದೆ ಎಂದು ತಿಳಿದಿದ್ದು ಎಷ್ಟೋ ವರ್ಷಗಳ ಮೇಲೆ, ಬೈಕು ಕೆಟ್ಟು ತಳ್ಳಿಕೊಂಡು ಹೋದ ದಿನ. ಅಷ್ಟು ದಿನ ಬಳೆಗೆಂದು ಬೀರೂರಿಗೆ ಹೋಗುತ್ತಿದ್ದೆವು.

ನನ್ನ ತವರು ಅಜ್ಜಂಪುರ, ಸೇರಿದ ಮನೆ ಪಂಚನಹಳ್ಳಿ. ಇಲ್ಲಿಂದ ಹೊರಟು ಕಡೂರು, ಬೀರೂರು ದಾಟಿ ಬಡಗಣಕ್ಕೆ ಹೋಗುವಾಗ ಚಂದ್ರದ್ರೋಣದ ಬೆಟ್ಟದ ಸಾಲು ಪೂರಾ ಎಡಕ್ಕೆ ಬರುತ್ತದೆ. ನೀಲಿಯಾಗಿ, ಒಂದರ ಹಿಂದೆ ಒಂದು, ತವರಿನ ಊರು ಬರುವ ತನಕ ನನ್ನ ಜೊತೆಗೇ ಬರುತ್ತಿತ್ತು. ವಾಪಸು ಬರುವಾಗ ಬೆಟ್ಟ ಬೆನ್ನಿಗೆ. ಎದುರಿಗೆ ಬರೀ ಬಯಲು, ಜಾಲಿ, ತೆಂಗು, ಎಲ್ಲೋ ಒಂದು ಕಡೆ ಬೋರು ಕೊರೆಯುವ ಲಾರಿ ಎಬ್ಬಿಸಿದ ಬಿಳಿ ಧೂಳು. ತವರಿಗೆ ಹೋಗುವಾಗ ಬೆಟ್ಟ, ಗಂಡನ ಮನೆಗೆ ಬರುವಾಗ ಬಯಲು. ಇದನ್ನು ಯಾರೋ ಬೇಕೆಂದೇ ಹೀಗೆ ಮಾಡಿಟ್ಟಿದ್ದಾರೆ ಎಂದು ಹೊಸದರಲ್ಲಿ ನನಗೆ ಬಲವಾದ ಅನುಮಾನವಿತ್ತು.

ಅದಕ್ಕೂ ಮುಂಚೆ ನಾನು ನೋಡುತ್ತಿದ್ದುದು ಹಿಂದಕ್ಕೆ. ನಮ್ಮಪ್ಪ ಈರುಳ್ಳಿ ಬೆಳೆಯುತ್ತಿದ್ದರು. ಚೀಲ ಹೇರಿದ ಎತ್ತಿನ ಗಾಡಿಯಲ್ಲಿ ಮಕ್ಕಳಿಗೆ ಜಾಗ ಸಿಗುತ್ತಿದ್ದುದು ಹಿಂಬದಿಯಲ್ಲಿ, ಕಾಲು ಇಳಿಬಿಟ್ಟುಕೊಂಡು. ಹಾಗೆ ಕೂತವರಿಗೆ ಯಾವುದೂ ಎದುರಿಗೆ ಬರುವುದಿಲ್ಲ, ಎಲ್ಲವೂ ದಾಟಿ ಹೋದ ಮೇಲೇ ಕಾಣಿಸುತ್ತದೆ. ಮುಂದೆ ಕೂತ ಅಪ್ಪ "ನವಿಲು ನೋಡ್ರೋ" ಎನ್ನುತ್ತಿದ್ದರು. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಬೇಲಿಯೊಳಗೆ ನುಗ್ಗಿ ಬಾಲ ಮಾತ್ರ ಉಳಿದಿರುತ್ತಿತ್ತು. ಬಾಲ್ಯದಲ್ಲಿ ನಾನು ಕಂಡ ನವಿಲೆಲ್ಲ ಬಾಲವೇ. ಈರುಳ್ಳಿ ಘಾಟಿಗೆ ಕಣ್ಣಲ್ಲಿ ನೀರು ಬೇರೆ. ಆಮೇಲೆ ಟೀಚರ್ ಕೆಲಸ ಸಿಕ್ಕಿ ಸಿಂಗಟಗೆರೆಯ ಸ್ಕೂಲಿಗೆ ಬಸ್ಸಿನಲ್ಲಿ ಓಡಾಡತೊಡಗಿದೆ. ಬಸ್ಸಿನ ಕಿಟಕಿ ಇರುವುದೂ ಪಕ್ಕಕ್ಕೇ ಅಲ್ಲವೇ? ಹಿಂದಕ್ಕೆ ನೋಡಿದ್ದಾಯಿತು, ಪಕ್ಕಕ್ಕೆ ನೋಡಿದ್ದಾಯಿತು. ದಾರಿ ನನ್ನ ಕಡೆಗೆ ಬರುವುದನ್ನು ಒಂದು ಸಲವಾದರೂ ನೋಡಬೇಕು ಎನ್ನುವ ಆಸೆ ಎಲ್ಲೋ ಮೂಲೆಯಲ್ಲಿ ಉಳಿದುಕೊಂಡಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ.

ಹೇಳಿಕೊಳ್ಳುವ ಆಸೆಗಳ ಗುತ್ತಿಗೆ ನಮ್ಮ ಮನೆಯಲ್ಲಿ ಇನ್ನೊಬ್ಬರದು. ನನ್ನ ಯಜಮಾನರ ಹೆಸರು ಕಲ್ಲೇಶಪ್ಪ. ತೆಂಗಿನ ತೋಟ ನೋಡಿಕೊಂಡಿರುವವರು. ಬೈಕಿನಲ್ಲಿ ಬೆಟ್ಟದ ಸೀಮೆಯನ್ನೆಲ್ಲ ಸುತ್ತಿ, ಕಾಡು, ನ್ಯಾಷನಲ್ ಪಾರ್ಕು ಎಲ್ಲ ನೋಡಿಕೊಂಡು ಬರಬೇಕು ಎನ್ನುವುದು ಅವರು ವರ್ಷಾ ವರ್ಷ ಹಾಕುತ್ತಿದ್ದ ಯೋಜನೆ. ಹಾಕುತ್ತಿದ್ದರು ಎಂಬುದನ್ನು ಗಮನಿಸಿ. ಹೋಗುತ್ತಿರಲಿಲ್ಲ. ಒಂದು ವರ್ಷ ಕಾಯಿ ಕೀಳಿಸುವ ಕೆಲಸ, ಒಂದು ವರ್ಷ ಮಠದಲ್ಲಿ ಸಾಮೂಹಿಕ ಮದುವೆ, ಒಂದು ವರ್ಷ ಹಸು ಕರು ಹಾಕುವ ಹೊತ್ತು. ಆದರೆ ಯೋಜನೆ ಹಾಕುವುದನ್ನು ಮಾತ್ರ ತಪ್ಪಿಸಿದವರಲ್ಲ. ಮೊದಲು ಅದು ಬಂಡೀಪುರ, ನಾಗರಹೊಳೆ, ನೀಲಗಿರಿಯವರೆಗೂ ಚಾಚಿಕೊಂಡಿತ್ತು. ದೊಡ್ಡವನ ಅಂಗಿಯನ್ನು ಚಿಕ್ಕವನಿಗೆ ಕತ್ತರಿಸಿ ಹೊಲಿದ ಹಾಗೆ ಕತ್ತರಿಸುತ್ತ ಕತ್ತರಿಸುತ್ತ, ಕೊನೆಗೆ ನಮ್ಮದೇ ಚಂದ್ರದ್ರೋಣದ ಸಾಲು, ಅದರ ಆಚೆಗೆ ಕುದುರೆಮುಖದ ನ್ಯಾಷನಲ್ ಪಾರ್ಕು, ಬರುವಾಗ ಭದ್ರೆಯ ಕಾಡಿನಂಚು, ಇಷ್ಟಕ್ಕೆ ಬಂದು ನಿಂತಿತು.

ಯೋಜನೆ ಹಾಕುವ ರೀತಿ ನೋಡಬೇಕಿತ್ತು ನೀವು. ನಕ್ಷೆಗಿಕ್ಷೆ ಅವರಿಗೆ ಆಗುವುದಿಲ್ಲ. ಮೊಬೈಲಿನಲ್ಲಿ ಬೆಟ್ಟ ಚಪ್ಪಟೆಯಾಗಿ ಕಾಣುತ್ತದಂತೆ. ಕೊಬ್ಬರಿ ಒಣಹಾಕುವ ಅಂಗಳದಲ್ಲಿ ತೆಂಗಿನ ಕರಟಗಳನ್ನು ಬೋರಲು ಹಾಕಿ ಬೆಟ್ಟ ಮಾಡುತ್ತಿದ್ದರು. ದೊಡ್ಡ ಕರಟ ಮುಳ್ಳಯ್ಯನಗಿರಿ, ಪಕ್ಕದ್ದು ಕೆಮ್ಮಣ್ಣುಗುಂಡಿ, ಆ ಕಡೆ ಸಾಲಾಗಿ ಜೋಡಿಸಿದ್ದು ಕುದುರೆಮುಖ. ತೆಂಗಿನ ನಾರಿನ ಹಗ್ಗ ಸುತ್ತ ಬಿಟ್ಟರೆ ದಾರಿ. ಬೈಕಿಗೆ ಒಂದು ಹುಣಸೆ ಬೀಜ. ಪರಮೇಶಿ, ಇವರು ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹುಣಸೆ ಬೀಜವನ್ನು ಹಗ್ಗದ ಗುಂಟ ತಳ್ಳುತ್ತ, ಇಲ್ಲಿ ಪೆಟ್ರೋಲು, ಇಲ್ಲಿ ಊಟ, ಇಲ್ಲಿ ಫಾರೆಸ್ಟ್ ಗೇಟು, ಗೇಟು ಹೊಕ್ಕ ಮೇಲೆ ಎಲ್ಲೂ ನಿಲ್ಲಿಸುವ ಹಾಗಿಲ್ಲ ಎಂದು ಗಂಭೀರವಾಗಿ ಮಾತಾಡುತ್ತಿದ್ದರು. ಒಂದು ಸಲ ಕೋಳಿ ಬಂದು ಕೆಮ್ಮಣ್ಣುಗುಂಡಿಯನ್ನು ಉರುಳಿಸಿ ಕೆಳಗಿದ್ದ ಹುಳ ಹೆಕ್ಕಿಕೊಂಡು ಹೋಯಿತು. ಇಬ್ಬರಿಗೂ ನಗು ಬರಲಿಲ್ಲ.

ನಿಲ್ಲಿಸುವ ಹಾಗಿಲ್ಲ ಎಂಬ ಮಾತಿಗೆ ಪರಮೇಶಿಯದೇ ಒಂದು ಕಥೆಯಿದೆ. ಅವನು ಒಮ್ಮೆ ಭಾವಮೈದುನನ ಜೊತೆ ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ರಸ್ತೆ ಬದಿಗೆ ಆನೆ ನಿಂತಿತ್ತಂತೆ. ಬೇರೆ ಯಾರೇ ಆಗಿದ್ದರೂ ಗಾಡಿ ಓಡಿಸುತ್ತಿದ್ದರು, ಇಲ್ಲವೇ ಫೋಟೋ ತೆಗೆಯುತ್ತಿದ್ದರು. ಇವನು ಗಾಡಿ ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿದು ನಿಂತ. ಹಿಂದಿನಿಂದ ಬಂದ ಫಾರೆಸ್ಟಿನವರು ಜೀಪಿನಿಂದಲೇ ಮಂಗಳಾರತಿ ಮಾಡಿದರು. "ಗಣಪ್ಪ ಎದುರಿಗೆ ಬಂದಾಗ ಚಪ್ಲಿ ಹಾಕ್ಕೊಂಡು ನಿಂತ್ಕಳಕ್ಕಾಯ್ತದಾ ಅಕ್ಕ?" ಎಂದು ನನ್ನನ್ನೇ ನ್ಯಾಯ ಕೇಳಿದ. ನಮ್ಮ ಸೀಮೆಯವರೇ ಹಾಗೆ. ಬೈಕಿನಲ್ಲಿ ಹೋಗುವಾಗ ದಾರಿಯಲ್ಲಿ ಸಿಕ್ಕ ಗುಡಿಗೆಲ್ಲ ಒಂದು ಕೈ ಬಿಟ್ಟು ಎದೆ ಮುಟ್ಟಿಕೊಳ್ಳದೆ ಮುಂದೆ ಹೋಗುವವರಲ್ಲ.

ಇದೇ ಬುದ್ಧಿಯಿಂದಲೇ ನನಗೂ ಇವರಿಗೂ ಜಗಳ ಹತ್ತಿದ್ದು. ಹಗ್ಗವೇನೋ ಬೆಟ್ಟದ ಸುತ್ತ ದುಂಡಗೆ ಬಿದ್ದಿತ್ತು. ಹುಣಸೆ ಬೀಜ ಯಾವ ಕಡೆಯಿಂದ ಸುತ್ತಬೇಕು? ಇವರ ಪ್ರಕಾರ ಅದು ಕೇಳುವ ಪ್ರಶ್ನೆಯೇ ಅಲ್ಲ. ಕಡೂರಿನಿಂದ ಸಖರಾಯಪಟ್ಟಣ, ಚಿಕ್ಕಮಗಳೂರು, ಕಳಸ, ಕುದುರೆಮುಖ, ಶೃಂಗೇರಿ, ಕೊಪ್ಪ, ತರೀಕೆರೆ, ಬೀರೂರು. ಅಂದರೆ ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು, ಪ್ರದಕ್ಷಿಣೆ. ದೇವರಿರುವ ಬೆಟ್ಟವನ್ನು ಎಡಕ್ಕೆ ಹಾಕಿಕೊಂಡು ಸುತ್ತಿದರೆ ಒಳ್ಳೆಯದಾಗುವುದಿಲ್ಲ. ಚೌಳಹಿರಿಯೂರಿನಲ್ಲಿರುವ ಅವರಕ್ಕ ಗೌರಕ್ಕ ಫೋನಿನಲ್ಲೇ ಇದಕ್ಕೆ ಮೊಹರು ಒತ್ತಿದರು. ಎಡಸುತ್ತು ಸುತ್ತಿ ಹಾಳಾದ ಎರಡು ಮೂರು ಮನೆತನಗಳ ಕಥೆಯನ್ನೂ ಹೇಳಿದರು.

ನಾನು ಸ್ವಲ್ಪ ಹೊತ್ತು ಹಗ್ಗವನ್ನೇ ನೋಡಿದೆ. ಬೆಟ್ಟ ಬಲಕ್ಕೆ, ನಾನು ಕೂರುವುದು ಎಡಕ್ಕೆ ಮುಖ ಮಾಡಿ. ಹೊರಟಲ್ಲಿಂದ ಬರುವವರೆಗೂ ಬೆಟ್ಟಕ್ಕೆ ನನ್ನ ಬೆನ್ನು. ತವರಿನ ದಾರಿಯಾದರೆ ಹೋಗುವಾಗ ತಪ್ಪಿದ್ದು ಬರುವಾಗ ಸಿಗುತ್ತದೆ, ಬರುವಾಗ ತಪ್ಪಿದ್ದು ಹೋಗುವಾಗ ಸಿಗುತ್ತದೆ. ಇದು ದುಂಡಗಿನ ದಾರಿ. ವಾಪಸು ಎಂಬುದೇ ಇಲ್ಲ. ಹಾಗೆಂದು ಹೇಳಿದರೆ ಇವರು ಹುಣಸೆ ಬೀಜದಿಂದ ಕಣ್ಣೆತ್ತದೆ, ಕತ್ತು ತಿರುಗಿಸಿಕೊಂಡರೆ ಆಯಿತಪ್ಪ ಎಂದುಬಿಟ್ಟರು. ಕತ್ತು ತಿರುಗಿಸುವುದು ಏನೆಂದು ಅವರಿಗೆ ಏನು ಗೊತ್ತು? ಒಂದು ಮದುವೆಗೆ ಹೋಗುವಾಗ ಬಲಗಡೆಯ ಅಯ್ಯನಕೆರೆ ಕೋಡಿ ಬಿದ್ದಿದೆಯೆಂದು ಕತ್ತು ತಿರುಗಿಸಿ ನೋಡಿದವಳು ಉಳುಕಿಸಿಕೊಂಡು, ಊಟದ ಪಂಕ್ತಿಯಲ್ಲಿ ಪಕ್ಕದವರ ಎಲೆಯನ್ನೇ ನೋಡುತ್ತ ಉಂಡಿದ್ದೇನೆ. ನಾನು ಬರುವುದಿಲ್ಲ, ಪರಮೇಶಿಯನ್ನು ಕೂರಿಸಿಕೊಂಡು ಹೋಗಿ ಎಂದು ಒಳಗೆ ಹೋದೆ. ಆ ವರ್ಷದ ಯೋಜನೆ ಅಲ್ಲಿಗೆ ಮುಗಿಯಿತು.

ಮುಂದಿನ ವರ್ಷ ಯೋಜನೆ ಹಾಕುವ ಹೊತ್ತಿಗೆ ಇವರ ಬಲಗಡೆ ಇಟ್ಟ ಕಾಫಿ ಲೋಟ ಉರುಳತೊಡಗಿತು. ಒಂದು ದಿನ ಲೋಟ, ಇನ್ನೊಂದು ದಿನ ನೀರಿನ ಚೊಂಬು. ಗೇಟು ದಾಟುವಾಗ ಬೈಕಿನ ಬಲಗಡೆಯ ಕನ್ನಡಿ ಕಂಬಕ್ಕೆ ತಾಗಿ ಒಡೆಯಿತು. ಕಂಬವನ್ನು ಯಾವನೋ ಓರೆಯಾಗಿ ನೆಟ್ಟಿದ್ದಾನೆ ಎಂದು ಬೈದರು. ನೆಟ್ಟವರು ಅವರೇ. ಕೊನೆಗೆ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ಬಲಗಣ್ಣು ಹೋಗಿಯಾಗಿದೆ, ಎಡಗಣ್ಣನ್ನು ಇಂಜೆಕ್ಷನ್ ಕೊಟ್ಟು ಉಳಿಸಿಕೊಳ್ಳೋಣ, ಎಷ್ಟು ದಿನ ಎಂದು ಹೇಳಲಾಗುವುದಿಲ್ಲ, ಇನ್ನು ಗಾಡಿ ಮಾತ್ರ ಓಡಿಸಬೇಡಿ ಎಂದರು ಡಾಕ್ಟರು.

ಊರಿಗೆ ಬಂದ ಇವರು ಮೊದಲು ಮಾಡಿದ ಕೆಲಸ, ಬೈಕಿಗೆ ಟಾರ್ಪಾಲು ಹೊದಿಸಿ ಕಟ್ಟಿದ್ದು. ಆಮೇಲೆ ಅಂಗಳದ ಮೂಲೆಯಲ್ಲಿ ಮಂಕರಿಯೊಳಗೆ ಎತ್ತಿಟ್ಟಿದ್ದ ಕರಟಗಳನ್ನು ತಂದು ಬಚ್ಚಲ ಒಲೆಯ ಪಕ್ಕ ಸುರಿದರು. ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗೆ ಎಲ್ಲ ಬೆಟ್ಟಗಳೂ ಒಂದೊಂದಾಗಿ ಹಂಡೆಯ ಕೆಳಗೆ ಉರಿದವು. ತೆಂಗಿನ ಕರಟದ ಬೆಂಕಿ ಜೋರು, ನೀರು ಸುಡುಸುಡು ಕಾಯುತ್ತಿತ್ತು. ಆ ವಾರ ಸ್ನಾನ ಮಾಡುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಎಡಗಣ್ಣು ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಕೂತಿತ್ತು. ವರ್ಷಗಟ್ಟಲೆ ಕರಟದಲ್ಲಿ ಕಟ್ಟಿದ ಬೆಟ್ಟವನ್ನು ಈ ಮನುಷ್ಯ ಕಣ್ಣಿರುವಾಗಲೇ ಒಂದು ಸಲ ನೋಡಬೇಕು. ಬಸ್ಸಿನಲ್ಲಿ ಕರೆದರೆ ಬರಲಾರರು, ಕಾರು ಅಂದರೆ ಡಬ್ಬಿಯೊಳಗೆ ಕೂತು ಬೆಟ್ಟ ನೋಡುವುದಾ ಎನ್ನುವವರು. ನಾನು ಕಾಫಿ ಕೊಡುವಾಗ, ಎಡಗಡೆ ಇಟ್ಟು, ಬೈಕು ನಾನು ಓಡಿಸಿದರೆ ಹೇಗೆ ಎಂದೆ. ನಕ್ಕರು. ನಾನು ನಗಲಿಲ್ಲವೆಂದು ನೋಡಿ ನಗು ನಿಲ್ಲಿಸಿದರು. ಹೆಂಡತಿಯ ಹಿಂದೆ ಕೂತುಕೊಂಡು ಪಂಚನಹಳ್ಳಿ ಬಸ್‌ಸ್ಟ್ಯಾಂಡ್ ದಾಟುವುದಕ್ಕಿಂತ ಎರಡೂ ಕಣ್ಣು ಹೋಗುವುದು ಮೇಲು ಎಂದರು. ನನಗೆ ಸಿಟ್ಟು ಬಂತು. ಲೋಟ ತೆಗೆದುಕೊಂಡು ಬಂದೆ, ಪೂರ್ತಿ ಕುಡಿದಿರಲಿಲ್ಲ.

ಮಾತಿಗೆ ಬಗ್ಗದವರನ್ನು ಬಗ್ಗಿಸುವುದು ಹೇಗೆಂದು ಒಂದನೇ ಕ್ಲಾಸಿನ ಟೀಚರಿಗೆ ಗೊತ್ತಿರುತ್ತದೆ. ಆಟ ಶುರು ಮಾಡಬೇಕು, ಹಟ ಹಿಡಿದವನನ್ನು ಕರೆಯಬಾರದು. ಬೇಸಿಗೆ ರಜೆ ಬರುತ್ತಲೇ ಪರಮೇಶಿಗೆ ಹೇಳಿ ಕಳಿಸಿ, ಟಾರ್ಪಾಲು ಬಿಚ್ಚಿಸಿ, ಚೂಡಿದಾರ ಹಾಕಿಕೊಂಡು, ಮನೆಯ ಮುಂದೆಯೇ ಗೇರು ಕಲಿಯತೊಡಗಿದೆ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಒಳಗಾಲು ಹಾಕಿ ಹೊಡೆದವಳು, ಬ್ಯಾಲೆನ್ಸಿಗೆ ಭಯವಿರಲಿಲ್ಲ. ಕ್ಲಚ್ಚು ಎಂಬುದು ಮಾತ್ರ ನನಗೂ ಬೈಕಿಗೂ ಒಪ್ಪಂದವಾಗದ ವಿಷಯ. ಕರಕರ ಎಂದು ಗೇರು ಅರೆಯುವ ಸದ್ದು ಒಳಗೆ ಮಲಗಿದ್ದವರಿಗೆ ಹಲ್ಲು ಕಿತ್ತಂತೆ ಕೇಳಿಸಿರಬೇಕು. ಎರಡನೇ ದಿನ ಬಾಗಿಲಿಗೆ ಬಂದು ನಿಂತರು. ಮೂರನೇ ದಿನ ಪರಮೇಶಿಯನ್ನು ಪಕ್ಕಕ್ಕೆ ಸರಿಸಿ, "ನನ್ನ ಗಾಡೀನ ಕೊಂದಾಕ್ಬಿಡ್ತೀರ ಇಬ್ರೂ ಸೇರ್ಕೊಂಡು. ಜರುಗು ಮುಂದಕ್ಕೆ" ಎಂದು ಹಿಂದೆ ಹತ್ತಿ ಕೂತರು.

ಕಲಿಸುವವನು ಹಿಂದೆ ಕೂರಲೇಬೇಕು. ಅದರಲ್ಲಿ ಮರ್ಯಾದೆಗೆ ಕುಂದೇನೂ ಇಲ್ಲ. ನೀರಿಳಿದು ಒಣಗಿದ್ದ ಸಿಂಗಟಗೆರೆಯ ಕೆರೆ ಅಂಗಳದಲ್ಲಿ ನನ್ನ ಪಾಠ ನಡೆಯಿತು. ನಾನು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದೇನೆ, ಇಂಥ ಮೇಷ್ಟ್ರನ್ನು ನೋಡಿಲ್ಲ. ತಪ್ಪು ಮಾಡುವ ಮೊದಲೇ ಬೈಯುತ್ತಾರೆ. ಎರಡನೇ ಗೇರಿಗೆ ಹಾಕು ಎನ್ನುವಷ್ಟರಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿರುತ್ತಾರೆ. ಮೇಯುತ್ತಿದ್ದ ಎಮ್ಮೆಗಳು ಮೊದಮೊದಲು ದೂರ ಓಡುತ್ತಿದ್ದವು, ಆಮೇಲೆ ಇವರ ಕೂಗಿಗೆ ಅಭ್ಯಾಸವಾಗಿ ದಾರಿಯನ್ನೇ ಬಿಡುತ್ತಿರಲಿಲ್ಲ. ಒಂದು ಸಲ ಇಬ್ಬರೂ ಬಿದ್ದೆವು. ಬಿದ್ದಲ್ಲಿಂದಲೇ "ಬ್ರೇಕು ಕಾಲಲ್ಲಿ ಹಿಡೀಬೇಕು ಕಣೇ, ಬಾಯಲ್ಲಲ್ಲ" ಎಂದರು. ನಾನು ಕಿರುಚಿದ್ದೆನಂತೆ.

ಕಲಿತೆ. ಆದರೆ ನಾನು ಕಲಿತೆನೆಂದು ಅವರು ಒಪ್ಪಲಿಲ್ಲ, ನಾನೂ ಒಪ್ಪಿಸಲು ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಕೂತವರು ಏನಪ್ಪಾ ಕಲ್ಲೇಶಿ, ಹಿಂದಿನ ಸೀಟಿಗೆ ಪ್ರಮೋಶನ್ನಾ ಎಂದು ಕೇಳಿದರೆ, "ಇನ್ನೂ ಕಲೀತಾ ಅವ್ಳೆ ಕಣಪ್ಪ" ಎನ್ನುತ್ತಿದ್ದರು. ಬೇಸಿಗೆ ಹೋಗಿ ಮುಂಗಾರು ಬಂತು, ಕೆರೆಗೆ ನೀರು ಬಂತು, ನಾನು ಇನ್ನೂ ಕಲಿಯುತ್ತಲೇ ಇದ್ದೆ. ಆ ಅಂಗಡಿಯ ಮುಂದೆ ಬಂದಾಗ ಅಪರೂಪಕ್ಕೊಮ್ಮೆ ಎಂಜಿನ್ನು ಆಫ್ ಮಾಡಿಕೊಂಡು ತಬ್ಬಿಬ್ಬಾದಂತೆ ನಿಲ್ಲುತ್ತಿದ್ದೆ. ಇವರು ನಾಲ್ಕು ಜನಕ್ಕೆ ಕೇಳುವಂತೆ ಬೈದು ಖುಷಿಯಾಗುತ್ತಿದ್ದರು. ಅಷ್ಟು ಗುರುದಕ್ಷಿಣೆ ಕೊಡುವುದರಲ್ಲಿ ನನಗೇನೂ ಕಷ್ಟವಿರಲಿಲ್ಲ.

ಆಸೆಪಟ್ಟ ಮುಂದಿನ ನೋಟದ ವಿಷಯ ಕೇಳುತ್ತೀರಾ? ನಿರಾಸೆಯಾಯಿತು. ಮುಂದೆ ನೋಡಿಕೊಂಡು ಹೋಗುವವರಿಗೆ ಕಾಣುವುದು ಗುಂಡಿ, ಹಂಪು, ಅಡ್ಡ ಬರುವ ನಾಯಿ, ಬಸ್ಸಿನ ಹಿಂಭಾಗ. ತವರಿನ ದಾರಿಯಲ್ಲಿ ಬೈಕು ಓಡಿಸಿಕೊಂಡು ಹೋದ ಮೊದಲ ಸಲ ಬೆಟ್ಟ ಬಂದು ಹೋಗಿದ್ದೇ ನನಗೆ ತಿಳಿಯಲಿಲ್ಲ. ಗಾಡಿ ಓಡಿಸುವವರು ಊರು ಸೇರುತ್ತಾರೆ, ದಾರಿಯನ್ನು ನೋಡುವುದು ಹಿಂದೆ ಕೂತವರು ಎಂದು ಆಗ ಗೊತ್ತಾಯಿತು. ದೂರದ ಬೆಟ್ಟ ನುಣ್ಣಗೆ ಎನ್ನುವುದು ಮುಂದಿನ ಸೀಟಿಗೂ ಸಲ್ಲುವ ಮಾತು.

ಮಳೆಗಾಲದಲ್ಲಿ ಒಂದು ದಿನ ಲೈಸೆನ್ಸಿನ ಟೆಸ್ಟಿಗೆಂದು ತರೀಕೆರೆಗೆ ಹೋದೆವು. ಬೀರೂರು ದಾಟಿದ ಮೇಲೆ ಬೆಟ್ಟ ಎಡಕ್ಕೆ ಬಂತು. ಹಿಂದಿನಿಂದ ಇವರ ಬಾಯಿ ನಿಲ್ಲಲಿಲ್ಲ. ಕೆಮ್ಮಣ್ಣುಗುಂಡಿ ಮೇಲೆ ಮಳೆ ಇಳಿಯುತ್ತಿದೆ, ಈ ಕಡೆ ಬಿಸಿಲಿದೆ, ಒಂದು ಬೋಳು ನೆತ್ತಿ, ಅದರ ಕೆಳಗೆ ಕಪ್ಪಗೆ ಕಾಡು, ನೋಡು ನೋಡು ಎಂದು ಒಂದೇ ಸಮ. ಎದುರಿಗೆ ಲಾರಿ ಬರುತ್ತಿದೆ, ನಾನು ಹೇಗೆ ನೋಡಲಿ ಎಂದೆ. "ಇಷ್ಟು ವರ್ಷ ಇದೇ ದಾರೀಲಿ ಗಾಡಿ ಓಡ್ಸಿದೀನಿ. ಬೆಟ್ಟ ಇಷ್ಟು ಹತ್ರ ಐತೆ ಅಂತ ಗೊತ್ತೇ ಇರ್ಲಿಲ್ಲ ಕಣೇ" ಎಂದರು. ಮಗುವಿನ ಹಾಗೆ ಹೇಳಿದರು. ನನ್ನ ಭುಜದ ಮೇಲೆ ಅವರ ಕೈ ಇತ್ತು.

ಟೆಸ್ಟಿನಲ್ಲಿ ಎಂಟರ ಅಂಕಿಯ ಹಾಗೆ ಗಾಡಿ ಸುತ್ತಿಸಿದರು, ಸುತ್ತಿದೆ, ಪಾಸಾದೆ. ಊಟ ಮಾಡಿಕೊಂಡು ಹೊರಟೆವು. ಈಗ ಬೆಟ್ಟ ಬಲಕ್ಕೆ. ಮಳೆ ಸುರಿದು ಹೋಗಿ ಬೆಟ್ಟ ತೊಳೆದಿಟ್ಟ ಹಾಗಿತ್ತು. ರಸ್ತೆ ಖಾಲಿಯಿದ್ದ ಕಡೆ ನಾನೇ ಒಂದೆರಡು ಸಲ ಕದ್ದು ನೋಡಿದೆ, ಮಡಿಕೆ ಮಡಿಕೆಯಾಗಿ ಕಾಣುತ್ತಿತ್ತು. ಹಿಂದಿನಿಂದ ಒಂದು ಮಾತಿಲ್ಲ. ಊಟದ ಮೇಲೆ ತೂಕಡಿಸುತ್ತಿದ್ದಾರೇನೋ, ಬಿದ್ದುಬಿಟ್ಟಾರು ಎಂದು ಕನ್ನಡಿಯಲ್ಲಿ ನೋಡಿದೆ. ಎಚ್ಚರವಾಗಿಯೇ ಇದ್ದರು. ಬಲಕ್ಕೆ ಕತ್ತು ತಿರುಗಿಸಿ, ಗದ್ದ ಎತ್ತಿ, ಹುಡುಕುತ್ತಿದ್ದರು. ಚಿಕ್ಕಂದಿನಿಂದ ಕಾಯಿ ಚೀಲ ಹೊತ್ತ ಕತ್ತು, ಅದು ಅರ್ಧಕ್ಕಿಂತ ಹೆಚ್ಚು ತಿರುಗುವುದಿಲ್ಲ. ಬಲಗಣ್ಣು ಸತ್ತಿದೆ. ಎಡಗಣ್ಣಿಗೆ ಮೂಗು ಅಡ್ಡ, ಹೆಲ್ಮೆಟ್ಟಿನ ಅಂಚು ಅಡ್ಡ.

"ಬೆಟ್ಟಕ್ಕೆ ಮೋಡ ಮುಚ್ಕೊಂತೇನೇ?" ಎಂದು ಕೇಳಿದರು.

"ಹೂಂ ರೀ, ಪೂರ್ತ ಮುಚ್ಕೊಂಡಿದೆ" ಎಂದೆ.

ಹೋಗಲಿ ಬಿಡು ಎಂದು ಕತ್ತು ನೇರ ಮಾಡಿಕೊಂಡರು. ನನಗೆ ಅಳು ಬಂತು. ಹೆಲ್ಮೆಟ್ ಹಾಕಿಕೊಂಡು ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂಬುದನ್ನು ನನ್ನ ಮೇಷ್ಟ್ರು ಕಲಿಸಿರಲಿಲ್ಲ. ಕಡೂರು ಬರುವ ತನಕ ಗಾಳಿಗೇ ಒಣಗಿಸಿಕೊಂಡೆ.

ಲೈಸೆನ್ಸು ಬಂದ ಮೇಲೂ ಬೈಕಿನ ಮುಂದಿನ ಕೆಂಪು ಎಲ್ ಅಕ್ಷರವನ್ನು ಕೀಳಲು ಇವರು ಬಿಡಲಿಲ್ಲ. ಇರಲಿ ಎಂದೆ. ದಸರಾ ರಜೆಗೆ ಹೊರಡುವುದೆಂದು ತೀರ್ಮಾನವಾಯಿತು, ಪರಮೇಶಿ ಬಂದು ಸೀರೆ ಗಾರ್ಡು ಬಿಚ್ಚಿದ, ಬ್ಯಾಗು ಕಟ್ಟಿದ. ನಿನ್ನೆ ಸಂಜೆ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅಂಗಳದಲ್ಲಿ ಹೊಸ ಕರಟಗಳ ಬೆಟ್ಟ ಎದ್ದಿತ್ತು. ಒಂದು ಕಣ್ಣಿನಲ್ಲಿ ಜೋಡಿಸಿದ್ದಕ್ಕೋ ಏನೋ ಕುದುರೆಮುಖ ಸ್ವಲ್ಪ ಓರೆಯಾಗಿತ್ತು. ಸುತ್ತ ಹಗ್ಗ. ಹುಣಸೆ ಬೀಜ ಕಡೂರು ಬಿಟ್ಟು ಸಖರಾಯಪಟ್ಟಣದ ಕಡೆ ಮುಖ ಮಾಡಿ ಹೊರಟಿತ್ತು.

ನಾನು ಬ್ಯಾಗು ಇಳಿಸಿ, ಕುಕ್ಕರಗಾಲಲ್ಲಿ ಕೂತು, ಬೀಜವನ್ನು ಎತ್ತಿ ಬೀರೂರಿನ ಕಡೆಗೆ ಇಟ್ಟೆ. ಬೀರೂರು, ತರೀಕೆರೆ, ಕೊಪ್ಪ, ಶೃಂಗೇರಿ, ಕುದುರೆಮುಖ, ಕಳಸ, ಹಾಗೆ.

"ಅದು ಎಡಸುತ್ತು ಕಣೇ," ಎಂದರು.

"ಹೌದು. ಬೆಟ್ಟ ನಿಮ್ಮ ಎಡಕ್ಕಿರಲಿ," ಎಂದೆ. "ಬೆಟ್ಟಕ್ಕೆ ಬೆನ್ನು ಹಾಕ್ಕೊಂಡು ಹೋಗೋದು ಹೆಂಗಿರುತ್ತೆ ಅಂತ ನಂಗೆ ಗೊತ್ತು. ನಿಮಗೆ ಅದು ಬೇಡ."

ಅವರು ಹುಣಸೆ ಬೀಜವನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸುತ್ತ ಕೂತರು. ಕೊಟ್ಟಿಗೆಯಲ್ಲಿ ಹಸು ಹಾಲಿನ ಹೊತ್ತಾಯಿತೆಂದು ಕೂಗುತ್ತಿತ್ತು, ಇಬ್ಬರೂ ಏಳಲಿಲ್ಲ.

"ಅವತ್ತು ತರೀಕೆರೆಯಿಂದ ಬರೋವಾಗ ಮೋಡ ಇರ್ಲಿಲ್ಲ, ಅಲ್ವೇನೇ?" ಎಂದು ಕೇಳಿದರು.

"ಇರ್ಲಿಲ್ಲ," ಎಂದೆ.

ಹೂಂ ಎಂದರು. ಬೀಜವನ್ನು ತಾವೇ ಬೀರೂರಿನ ಹಗ್ಗದ ಮೇಲೆ ಇಟ್ಟು, ಹಾಲು ಕರೆಯಲು ಎದ್ದು ಹೋದರು.

ರಾತ್ರಿ ಊಟಕ್ಕೆ ಕೂತಿದ್ದಾಗ ಗೌರಕ್ಕನ ಫೋನು. ನಾಡಿದ್ದು ಹೊರಡುವ ವಿಷಯ ಅವರಿಗೆ ತಿಳಿದಿತ್ತು. ಕಾಯಿ ಒಡೆದು ಹೊರಡಿ, ನಿಂಬೆಹಣ್ಣು ಮರೆಯಬೇಡಿ ಎಂದೆಲ್ಲ ಹೇಳಿ, ಬೆಟ್ಟವನ್ನು ಬಲಕ್ಕೆ ಹಾಕಿಕೊಂಡೇ ಸುತ್ತುತ್ತೀರಿ ತಾನೇ ಎಂದು ಕೇಳಿದರು. ಫೋನಿನ ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿಸಿತು. ನಾನು ರೊಟ್ಟಿ ಹಾಕುತ್ತಿದ್ದವಳು ಕೈ ತಡೆದು ನಿಂತೆ. ಇವರು ನನ್ನ ಮುಖ ನೋಡಿದರು, ಎಡಗಣ್ಣಿನಲ್ಲಿ.

"ಇಲ್ಲ ಕಣಕ್ಕ, ಎಡಕ್ಕೇ," ಎಂದರು. "ನಾನೇನ್ ಮಾಡ್ಲಿ. ಗಾಡಿ ಓಡ್ಸೋಳು ಅವ್ಳು, ನಾನು ಹಿಂದೆ ಕೂರೋನು."